ಮಾಮನ ಬೇಸ್ ಗಿಟಾರಿನ ಎರಡನೇ ತಂತಿ

ಹೊಟ್ಟೆಪಾಡಿಗೆ ನಾನು ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್ ಗಾರ್ಡ್ ಅಂಟಿಸುತ್ತೇನೆ. ಚಟಕ್ಕೆ ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿ ಮಾಡುತ್ತೇನೆ. ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಹಾಡುವವರು ನೀರು ಕುಡಿದು ಬರುವಷ್ಟು ಹೊತ್ತು ಜನ ಎದ್ದು ಊಟದ ಕಡೆ ಹೋಗದಂತೆ ಹಿಡಿದಿಡುವುದು ನನ್ನ ಕೆಲಸ. ಸಂಡೂರಿನ ಏರು ಹತ್ತುವಾಗ ಬಸ್ಸಿನ ಗೇರು ನರಳುವ ಸದ್ದು, ಅದಿರಿನ ಟಿಪ್ಪರು ಹಿಂದಕ್ಕೆ ಬರುವಾಗಿನ ಕೀಂ ಕೀಂ, ಹೋಳಿಗೆ ಬ್ಯಾಡ ಬ್ಯಾಡ ಅನ್ನುತ್ತಲೇ ಎಲೆಯನ್ನು ಮುಂದಕ್ಕೆ ತಳ್ಳುವ ಬೀಗರು, ಇವೆಲ್ಲ ನನ್ನ ಸರಕು. ಯಾರನ್ನೂ ಬಿಟ್ಟವನಲ್ಲ, ನನ್ನನ್ನೂ ಸೇರಿಸಿ. ಆದರೆ ವೇದಿಕೆಯ ಮೇಲೆ ನನ್ನನ್ನೇ ಅಣಕಿಸಿದರೆ ಮಾತ್ರ ಜನ ನಗುವುದಿಲ್ಲ. "ಇದು ಯಾರದಲೇ?" ಅಂತ ಪಕ್ಕದವರನ್ನು ಕೇಳುತ್ತಾರೆ.

ನಮ್ಮ ತಂಡದಲ್ಲಿ ಬೇಸ್ ಗಿಟಾರ್ ಬಾರಿಸುವುದು ನನ್ನ ಸೋದರಮಾವ. ದೋಣಿಮಲೈ ಗಣಿಯಲ್ಲಿ ಅದಿರು ಬಾಚಿ ಲಾರಿಗೆ ಸುರಿಯುವ ದೊಡ್ಡ ಯಂತ್ರವನ್ನು ಓಡಿಸುತ್ತಿದ್ದು, ಈಗ ನಿವೃತ್ತನಾಗಿ ಸಂಡೂರಿನಲ್ಲಿದ್ದಾನೆ. ಆ ಗಿಟಾರ್ ಗಣಿ ಟೌನ್‌ಶಿಪ್ಪಿನ ಕ್ಲಬ್ಬಿನವರು ಎಂಬತ್ತರ ದಶಕದಲ್ಲಿ ಮದ್ರಾಸಿನಿಂದ ತರಿಸಿದ ಜಪಾನಿನ ಮಾಲು. ಅದರ ತಲೆಯ ಮೇಲಿದ್ದ ಕಂಪನಿಯ ಹೆಸರು ಉಜ್ಜಿ ಉಜ್ಜಿ ಅಳಿಸಿಹೋಗಿದೆ. ಕ್ಲಬ್ಬಿನ ವಾದ್ಯಗೋಷ್ಠಿ ನಿಂತಾಗ ಮಾಮನಿಗೆ ಶಾಲು ಹೊದಿಸುವ ಬದಲು ಇದನ್ನೇ ಕೊಟ್ಟು ಕಳಿಸಿದರಂತೆ. ಶಾಲು ಕೊಟ್ಟಿದ್ದರೆ ಹೊದ್ದುಕೊಳ್ಳಲಿಕ್ಕಾದರೂ ಆಗುತ್ತಿತ್ತು ಅನ್ನುವುದು ಅತ್ತೆಯ ಇಂದಿನವರೆಗಿನ ಅಭಿಪ್ರಾಯ.

ಮಾಮನಿಗೆ ಯಾರೂ ಗಿಟಾರ್ ಕಲಿಸಲಿಲ್ಲ. ನಾಲ್ಕು ತಂತಿ ಕಂಡವು. ಬಲಗೈ ನೋಡಿಕೊಂಡ. ಕಿರುಬೆರಳಿಗೆ ವಾರದ ರಜೆ ಕೊಟ್ಟರೆ ನಾಲ್ಕು ಬೆರಳು ಉಳಿಯುತ್ತವೆ. ಗಣಿಯಲ್ಲಿ ಶಿಫ್ಟು ಹಂಚಿದ ಹಾಗೆ ಹಂಚಿಬಿಟ್ಟ: ಎಲ್ಲಕ್ಕಿಂತ ದಪ್ಪ ತಂತಿಗೆ ಹೆಬ್ಬೆರಳು, ಎರಡನೆಯದಕ್ಕೆ ತೋರುಬೆರಳು, ಹೀಗೆ. ಒಬ್ಬರ ಡ್ಯೂಟಿಗೆ ಇನ್ನೊಬ್ಬರು ಬರುವಂತಿಲ್ಲ. ಜಗತ್ತಿನಲ್ಲಿ ಬೇರೆ ಯಾರೂ ಹೀಗೆ ಬೇಸ್ ಬಾರಿಸುವುದಿಲ್ಲ ಅಂತ ನನಗೆ ಆಮೇಲೆ ಮೊಬೈಲ್ ನೋಡಿ ಗೊತ್ತಾಯಿತು. ಮಾಮನಿಗೆ ತೋರಿಸಿದೆ. "ಅವ್ರಿಗೂ ಯಾರೂ ಕಲ್ಸಿಲ್ಲ ಕಾಣಿಸ್ತೈತಿ, ಪಾಪ" ಅಂದ.

ಹೋದ ವರ್ಷ ಅವನ ಬಲಗೈಗೆ ಲಕ್ವ ಬಡಿಯಿತು. ಜೋರಾಗಿ ಅಲ್ಲ, ಹಾದು ಹೋಗುವಾಗ ಭುಜ ತಗುಲಿಸಿದ ಹಾಗೆ. ಡಾಕ್ಟರು ಮೆತ್ತನೆಯ ಚೆಂಡು ಹಿಸುಕಲು ಹೇಳಿದರು. ಅತ್ತೆ ಚೆಂಡು ಕೊಳ್ಳಲಿಲ್ಲ, ದಿನಾ ಜೋಳದ ಹಿಟ್ಟು ನಾದಲು ಕೂರಿಸಿದಳು. ಕೈಯೂ ಸುಧಾರಿಸಿತು, ರೊಟ್ಟಿಯೂ ಸುಧಾರಿಸಿತು. ತಿಂಗಳುಗಟ್ಟಲೆ ಗೋಡೆಗೆ ನೇತುಬಿದ್ದಿದ್ದ ಗಿಟಾರನ್ನು ಇಳಿಸಿಕೊಂಡು ಮಾಮ ಮತ್ತೆ ಹೊಸಪೇಟೆಗೆ, ಟೈರ್ ಅಂಗಡಿಯ ಮೇಲಿರುವ ನಮ್ಮ ಪ್ರಾಕ್ಟೀಸ್ ಕೋಣೆಗೆ ಬಂದ.

ಮೊದಲ ಹಾಡಿಗೇ ಗೊತ್ತಾಯಿತು. ಒಂದನೇ ತಂತಿ ಧುಂ. ಮೂರನೆಯದು ಧುಂ. ನಾಲ್ಕನೆಯದು ಧಿಂ. ಎರಡನೆಯದು ಮಾತ್ರ ಬಾಗಿಲು ಹಾಕಿಕೊಂಡು ಒಳಗಿನಿಂದ ಮಾತಾಡಿದ ಹಾಗೆ, ಮ್ಮ್.

ನಾವೆಲ್ಲ ಕೇಳಿಸದವರಂತೆ ನಟಿಸಿದೆವು. ನಟನೆಯಲ್ಲಿ ನಾನೊಬ್ಬನೇ ವೃತ್ತಿಪರ, ಆದರೂ ನನ್ನ ಮುಖವೇ ಮೊದಲು ಬಿಟ್ಟುಕೊಟ್ಟಿತು. ಕೀಬೋರ್ಡ್ ಬಾರಿಸುವವನು ತಂಡದ ಯಜಮಾನ, ನಾವು ಮಾಸ್ತರ ಅನ್ನುತ್ತೇವೆ. ಅವನು ಕೆಮ್ಮಿದ.

"ಅಣ್ಣಾ, ತಪ್ಪ್ ತಿಳ್ಕೋಬ್ಯಾಡ್ರಿ. ಎರಡನೇ ತಂತಿ ಕೇಳವಲ್ದು."

"ನನಗೂ ಕೇಳವಲ್ದು" ಅಂದ ಮಾಮ.

"ಕಂಪ್ಲಿ ಪ್ರೋಗ್ರಾಮಿಗೆ ಬೇಸ್ ನಾ ಎಡಗೈಲೆ ಕೀಬೋರ್ಡ್‌ನ್ಯಾಗ ನೋಡ್ಕೊಂತೀನ್ರಿ. ನೀವು ಆರಾಮ್ ಮುಂದಿನ ಸಾಲಿನ್ಯಾಗ ಕುಂದ್ರಿ."

"ಮುಂದಿನ ಸಾಲಿನ್ಯಾಗ ಕುಂದ್ರಾಕ ನಾನೇನು ಮದುವಿ ಹುಡುಗನ ಅಪ್ಪನೇನಪ್ಪಾ?"

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಮಾಲೀಕರೊಬ್ಬರ ಮಗಳ ಮದುವೆ, ಆರತಕ್ಷತೆಗೆ ನಮ್ಮ ಕಾರ್ಯಕ್ರಮ, ಮುಂದಿನ ವಾರವೇ. ಮಾಮ ಗಿಟಾರನ್ನು ಚೀಲಕ್ಕೆ ಹಾಕಿ, ಜಿಪ್ಪು ಎಳೆದು, ನನ್ನ ತೊಡೆಯ ಮೇಲಿಟ್ಟ.

"ತಪ್ಪು ಕೈಯಾಗ ಇದ್ರ ನಾ ಇವತ್ತಿಗೆ ಬಾರ್ಸೋದು ಬಿಡ್ತೀನಿ. ಗಿಟಾರ್‌ದಾಗ ಇದ್ರ ರಿಪೇರಿ ಆಗ್ಬೇಕು. ಯಾವ್ದು ಅಂತ ನೀ ನೋಡಿ ಹೇಳು."

"ನಾನ್ಯಾಕ ಮಾಮ? ಮಾಸ್ತರ ಅದಾನಲ್ಲ."

"ಅವ್ನಿಗೆ ನನ್ನ ಮ್ಯಾಲೆ ಗೌರವ ಐತಿ, ಸುಳ್ಳು ಹೇಳ್ತಾನ. ನಿನ್ಗ ಅದೇನಿಲ್ಲ."

ಹೊಗಳಿದನೋ ಬೈದನೋ ಅವತ್ತು ತಿಳಿಯಲಿಲ್ಲ. ಮಾಮ ಸಂಡೂರಿನ ಬಸ್ಸಿಗೆ ಹೋದ. ಹೋಗುವಾಗ ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡಿದ್ದ, ಅದೂ ಯಾರದೋ ವಸ್ತು ಅನ್ನುವಂತೆ.

ಮರುದಿನದಿಂದ ನಮ್ಮ ಸಂಶೋಧನೆ ಸುರುವಾಯಿತು. ಮೊದಲು ಆಂಪ್ಲಿಫೈಯರ್ ಬದಲಿಸಿದೆವು. ಮ್ಮ್. ವೈರ್ ಬದಲಿಸಿದೆವು. ಮ್ಮ್. ಮಾಸ್ತರ ಬೆಂಗಳೂರಿನಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಹೊಸ ತಂತಿ ತರಿಸಿದ. ಹಳೆಯ ತಂತಿಗಳನ್ನು ಬಿಚ್ಚಿದಾಗ ಕೆಳಗೆ ಪಿಕಪ್ ಬೋಳಾಗಿ ಕಾಣಿಸಿತು. ಪಿಕಪ್ ಅಂದರೆ ತಂತಿಯ ನಡುಕವನ್ನು ಹಿಡಿದು ವೈರಿಗೆ ಕೊಡುವ ಕಪ್ಪು ಡಬ್ಬಿ. ಒಳಗೆ ಆಯಸ್ಕಾಂತ, ಮೇಲೆ ಒಂದೊಂದು ತಂತಿಯ ಅಡಿಗೆ ಒಂದೊಂದು ಗುಂಡನೆಯ ಗುಬ್ಬಿ. ಆ ನಾಲ್ಕೂ ಗುಬ್ಬಿಗಳ ಮೇಲೆ ಕುಂಕುಮ. ಆಯುಧ ಪೂಜೆಯದು. ಮಾಸ್ತರ ಮುಟ್ಟಿ ಕಣ್ಣಿಗೊತ್ತಿಕೊಂಡು, ಕುಂಕುಮಕ್ಕೆ ಧಕ್ಕೆಯಾಗದಂತೆ ನಿಧಾನವಾಗಿ ಹೊಸ ತಂತಿ ಎಳೆದ. ನಾನೂ ಚಪ್ಪಲಿ ಬಿಟ್ಟು ನಿಂತಿದ್ದೆ.

ಹೊಸ ತಂತಿಯೂ ಮ್ಮ್ ಅಂದಿತು. ಹೊಳಪು ಜಾಸ್ತಿ ಇರುವ ಮ್ಮ್.

ತಂತಿಯನ್ನು ಪಿಕಪ್ಪಿನ ಹತ್ತಿರಕ್ಕೆ ಇಳಿಸಿದೆವು. ಪಟಪಟ ಬಡಿದುಕೊಳ್ಳತೊಡಗಿತು. ಮತ್ತೆ ಏರಿಸಿದೆವು. ಕೆಳಗಿನ ಟೈರ್ ಅಂಗಡಿಯವನು ಹತ್ತಿ ಬಂದು, "ಗಾಳಿ ಕಮ್ಮಿ ಆಗಿರ್ಬೇಕು ನೋಡ್ರಿ" ಅಂದ. ಅವನ ಅನುಭವ ಅವನದು.

ಆಗ ನನಗೆ ಹೊಳೆಯಿತು. ಇಷ್ಟೆಲ್ಲ ಯಾಕೆ? ಲಕ್ವ ಬಡಿದಿರುವುದು ಮಾಮನಿಗೆ, ನನಗಲ್ಲ. ನಾನು ಬಾರಿಸಿದಾಗಲೂ ಎರಡನೇ ತಂತಿ ಮ್ಮ್ ಅಂದರೆ ತಪ್ಪು ಗಿಟಾರಿನದು. ಗಿಟಾರ್ ಎತ್ತಿಕೊಂಡೆ, ಬಾರಿಸಿದೆ. ಧುಂ, ಮ್ಮ್, ಧುಂ, ಧಿಂ. ಕುಣಿದೇಬಿಟ್ಟೆ.

"ಗಿಟಾರಿಂದ ತಪ್ಪು ಮಾಸ್ತರ! ಮಾಮ ಪಾಸು!"

ಮಾಸ್ತರ ನಗಲಿಲ್ಲ. "ಇನ್ನೊಮ್ಮೆ ಬಾರ್ಸು" ಅಂದ. ಬಾರಿಸಿದೆ. "ಕನ್ನಡಿ ನೋಡ್ಕೊಂಡು ಬಾರ್ಸು."

ಕೋಣೆಯ ಕನ್ನಡಿಯಲ್ಲಿ ನೋಡಿದೆ. ಎಡಭುಜ ಇಳಿದಿತ್ತು, ಕೆಳತುಟಿ ಮುಂದೆ ಬಂದಿತ್ತು, ಕಿರುಬೆರಳು ರಜೆಯ ಮೇಲಿತ್ತು. ತೋರುಬೆರಳು ತಂತಿಯನ್ನು ಎಳೆಯುತ್ತಿರಲಿಲ್ಲ, ಸವರಿ ಬಿಡುತ್ತಿತ್ತು.

"ನೀ ಗಿಟಾರ್ ಬಾರ್ಸಿಲ್ಲಲೇ, ನಿಮ್ಮ ಮಾಮನ್ನ ಬಾರ್ಸಿದಿ. ಲಕ್ವ ಸಮೇತ."

ಎಂಥಾ ಗ್ರಹಚಾರ ನೋಡಿ. ನಾನು ಗಿಟಾರ್ ಕಲಿತದ್ದು ಮಾಮನನ್ನು ಅಣಕಿಸಲೆಂದೇ. ಬೇರೆ ಥರ ಬಾರಿಸಿ ಗೊತ್ತೇ ಇರಲಿಲ್ಲ. "ಹಂಗಾರ ನೀ ಬಾರ್ಸು" ಅಂದೆ. ಮಾಸ್ತರನ ಕೈ ಕೀಬೋರ್ಡಿನ ಬಿಳಿ ಕರಿ ಮನೆಗಳಿಗೆ ಒಗ್ಗಿದ್ದು, ತಂತಿಯನ್ನು ಮೇಲಿನಿಂದ ಒತ್ತುತ್ತಿತ್ತು. ಅವನಿಗೆ ನಾಲ್ಕೂ ತಂತಿ ಮ್ಮ್ ಅಂದವು. ಮಾಮನಿಗೆ ಫೋನ್ ಮಾಡಿ, ಎರಡನೆಯದನ್ನು ಹೆಬ್ಬೆರಳಲ್ಲಿ ಬಾರಿಸಿ ನೋಡಿದ್ದೀಯಾ ಅಂತ ಕೇಳಿದೆ. "ನೋಡೀನಿ. ಹೆಬ್ಬೆರಳಿಗೆ ಅದು ತನ್ನ ತಂತಿ ಅಲ್ಲಂತ ಗೊತ್ತಾಗಿ ನಾಚ್ಕೊಂತು" ಅಂದ. ಹಿಂದೆಯೇ, "ಏನಾತು? ಕೈನೋ ಗಿಟಾರೋ?" ಅಂದ. ನಾನು ಸಿಗ್ನಲ್ ಕಟ್ಟಾಗುವ ಸದ್ದು ಮಾಡಿ ಫೋನ್ ಇಟ್ಟೆ. ಚೆನ್ನಾಗಿ ಮಾಡುತ್ತೇನೆ ಅದನ್ನು.

ಮಾರನೆಯ ದಿನ ಗಿಟಾರ್ ಬೆನ್ನಿಗೇರಿಸಿ ಹಂಪಿಗೆ ಹೋದೆ. ಅಲ್ಲಿ ನನ್ನ ಗೆಳೆಯನೊಬ್ಬ ಪ್ರವಾಸಿಗಳಿಗೆ ಸಣ್ಣ ಡ್ರಮ್ಮು, ಕೊಳಲು, ಮಣಿಸರ ಮಾರುತ್ತಾನೆ. ಬಂದು ಹೋಗುವವರ ಹತ್ತಿರ ಸ್ವಲ್ಪ ಸ್ವಲ್ಪ ಕಲಿತು ಗಿಟಾರನ್ನೂ ಬಾರಿಸುತ್ತಾನೆ. ಹಂಪಿ ಬಜಾರಿನ ಸಾಲುಮಂಟಪದ ನೆರಳಲ್ಲಿ ಕೂತೆವು. ಬೆನ್ನ ಮೇಲಿಂದ ಇಳಿಸುತ್ತಿದ್ದ ಉದ್ದನೆಯ ಚೀಲ ನೋಡಿ ಒಬ್ಬ ಆಟೋದವನು ನನ್ನನ್ನು ಇಂಗ್ಲಿಷಿನಲ್ಲಿ ಮಾತಾಡಿಸಿದ. ನಾನೂ ಯಾವುದೋ ದೇಶದವನಂತೆ ಮೂಗಿನಲ್ಲಿ ಉತ್ತರಿಸಿದೆ. ಅವನು ಆನೆಲಾಯದ ತನಕ ಬಾಡಿಗೆ ಹೇಳಿದ ಮೇಲೆ ಕನ್ನಡಕ್ಕೆ ಬಂದೆ.

ಗೆಳೆಯ ಪ್ಲಾಸ್ಟಿಕ್ ಚೂರಿನಿಂದ ತಂತಿಗಳನ್ನು ಮೀಟಿದ. ಅವನ ಹತ್ತಿರ ಇದ್ದದ್ದು ಅಂಗೈಯಗಲದ ಸ್ಪೀಕರ್. ಅದರಲ್ಲಿ ಎರಡನೇ ತಂತಿ ಕೇಳಿಸಲಿಲ್ಲ, ಸರಿ. ಆದರೆ ಒಂದನೆಯದೂ ಕೇಳಿಸಲಿಲ್ಲ.

"ದಪ್ಪ ತಂತಿ ಸದ್ದು ಇದ್ರಾಗ ಹಿಡಿಸಲ್ಲೋ" ಅಂದ.

"ಹಂಗಾರ ಎರಡನೇದು ಕೇಳದಿರೋದು ಸ್ಪೀಕರ್ ತಪ್ಪೋ, ಗಿಟಾರ್ ತಪ್ಪೋ?"

"ಇರಬಹುದು" ಅಂದ.

"ಏನಿರಬಹುದಲೇ?"

"ಎರಡೂ. ಇಲ್ಲಂದ್ರ ಒಂದು. ನೀ ಒಂದ್ಸಲ ಬಾರ್ಸು. ಮಾಮನಂಗ ಬ್ಯಾಡ, ನಿನ್ನಂಗ ಬಾರ್ಸು."

ಪ್ರಯತ್ನಪಟ್ಟೆ. ಭುಜ ಎತ್ತಿದೆ, ತುಟಿ ಒಳಗೆಳೆದುಕೊಂಡೆ, ತೋರುಬೆರಳಿಗೆ ಬಲ ಕೊಟ್ಟೆ. ಗೆಳೆಯ ನಗತೊಡಗಿದ. "ಈಗ ನನ್ನಂಗ ಕುಂತೀದಿ." ಅದನ್ನೂ ಬದಲಿಸಿದೆ. "ಈಗ ನಿಮ್ಮ ಮಾಸ್ತರ." ಬಿಸಿಲು ಮಂಟಪದ ಒಳಗೆ ಬರುವವರೆಗೂ ನಾನು ನನ್ನಂತೆ ಕೂರಲು ಹೆಣಗಾಡಿದೆ. ಊರಿನವರೆಲ್ಲ ಒಬ್ಬೊಬ್ಬರಾಗಿ ಬಂದು ಹೋದರು, ನಾನು ಬರಲೇ ಇಲ್ಲ. ತಂತಿಯ ವಿಷಯ ಹಾಗಿರಲಿ, ಮೂಲದಲ್ಲೇ ಏನೋ ಎಡವಟ್ಟಾಗಿದೆ ಅನ್ನಿಸಿ ಸೋಡಾ ಕುಡಿದು ಎದ್ದೆ.

ಸಂಡೂರಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಅಂದುಕೊಂಡೆ. ತೊಂದರೆ ಏನೆಂದರೆ, ಇದ್ದದ್ದು ಏನು ಅಂತಲೇ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಎರಡು ಮಾತು ಅಭ್ಯಾಸ ಮಾಡಿಕೊಂಡೆ. "ಮಾಮ, ಗಿಟಾರ್ದೇ ತಪ್ಪು" ಅನ್ನುವುದು ಒಂದು. ಇನ್ನೊಂದಕ್ಕೆ ಡಾಕ್ಟರ ದನಿ ಹಾಕಿ ನೋಡಿದೆ, ಪೊಲೀಸನ ದನಿ ಹಾಕಿ ನೋಡಿದೆ, ಯಾವುದರಲ್ಲೂ ಹೇಳಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಮಾಮ ಸಂತೆಗೆ ಹೋಗಿದ್ದ. ಅತ್ತೆ ಪಡಸಾಲೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಗಿಟಾರನ್ನು ಚೀಲದಿಂದ ತೆಗೆದದ್ದೇ ತಡ, "ಯಾರಲೇ ಕುಂಕುಮ ಅಳಿಸ್ದವ್ರು?" ಅಂದಳು. ಮೂರನೇ ಗುಬ್ಬಿಯ ಮೇಲಿನದು ಒಂದಿಷ್ಟು ಉದುರಿತ್ತು.

"ಓಡಾಟಕ್ಕ ಉದುರೈತಿ ಅತ್ತಿ. ಅದ್ರ ಮ್ಯಾಲೇ ಯಾಕ ಹಚ್ತಿ? ಇಷ್ಟಗಲ ಮರ ಐತಲ್ಲ."

"ಮತ್ತೆಲ್ಲಿ ಹಚ್ಲಿ? ಮಿಕ್ಸರಿಗೆ ಹಚ್ತೀನಿ, ಸ್ಕೂಟರಿಗೆ ಹಚ್ತೀನಿ, ಅವಕ್ಕ ಮುಖ ಇಲ್ಲ. ಇದಕ್ಕ ದೇವ್ರು ಬೊಟ್ಟು ಇಡಾಕಂತಲೇ ನಾಲ್ಕು ಹಣಿ ಮಾಡ್ಯಾನ. ಕ್ವಾರ್ಟರ್ಸಿನ್ಯಾಗ ಇದ್ದಾಗಿಂದ ತುಪ್ಪದಾಗ ಕಲ್ಸಿ ಹಚ್ಚಿಕೊಂತ ಬಂದೀನಿ. ಇದು ನೋಡು, ಎರಡನೇದು, ಸ್ವಲ್ಪ ತಗ್ಗೈತಿ. ಅದಕ್ಕ ಜಾಸ್ತಿ ಹಿಡೀತೈತಿ. ತುಂಬಿಸಿ ಸಮ ಮಾಡ್ತೀನಿ."

ಅದು ನನ್ನ ಕಿವಿಗೆ ಬಿದ್ದು, ಸ್ವಲ್ಪ ಹೊತ್ತು ಅಲ್ಲೇ ಕೂತಿತ್ತು.

"ಯಾವ್ದು ತಗ್ಗೈತಿ ಅತ್ತಿ?"

"ಎರಡನೇದು. ಕಿವಿ ಕೇಳ್ಸಲ್ಲೇನು?"

ಅತ್ತೆಯ ಬಳೆಗೆ ಸಿಕ್ಕಿಸಿದ್ದ ಪಿನ್ನು ಕಿತ್ತುಕೊಂಡು, ಎರಡನೇ ತಂತಿಯನ್ನು ಪಕ್ಕಕ್ಕೆ ಸರಿಸಿ ಕೆರೆಯತೊಡಗಿದೆ. ಅತ್ತೆ ನನ್ನ ಬೆನ್ನಿಗೆ ಗುದ್ದಿದಳು. "ಪೂಜಿ ಮಾಡಿದ್ದು ಕೆರಿತೀಯಲ್ಲಲೇ ಭಾಡ್ಕಾವ್!" ಗುದ್ದು ಬೀಳುತ್ತಿತ್ತು, ಕುಂಕುಮ ಏಳುತ್ತಿತ್ತು. ಮೇಲೆ ಕೆಂಪು, ಅದರ ಕೆಳಗೆ ಕಪ್ಪು ಕೆಂಪು, ಅದರ ಕೆಳಗೆ ಕಲ್ಲಿನಂಥ ಹಕ್ಕಳೆ. ಎಷ್ಟು ವರ್ಷದ ಹಬ್ಬಗಳೋ. ಎಲ್ಲಕ್ಕಿಂತ ಕೆಳಗೆ, ಗುಂಡಿಯ ತಳದಲ್ಲಿ, ಉಕ್ಕಿನ ತಲೆಯೊಂದು ಕಾಣಿಸಿತು. ಅದರ ನಡುವೆ ಅಡ್ಡಗೆರೆ.

ಗುಬ್ಬಿಯಲ್ಲ, ಸ್ಕ್ರೂ. ನಾಲ್ಕೂ ಸ್ಕ್ರೂಗಳೇ. ಉಳಿದ ಮೂರೂ ತಮ್ಮ ತಮ್ಮ ತಂತಿಯ ಹತ್ತಿರಕ್ಕೆ ತಲೆ ಎತ್ತಿಕೊಂಡಿದ್ದವು, ಎರಡನೆಯದನ್ನು ಮಾತ್ರ ಯಾರೋ ತಿರುಗಿಸಿ ತಿರುಗಿಸಿ ಪಾತಾಳಕ್ಕೆ ಇಳಿಸಿದ್ದರು. ಸ್ಕ್ರೂ ತಂತಿಯಿಂದ ದೂರವಾದಷ್ಟೂ ಸದ್ದು ಸಣ್ಣದಾಗುತ್ತದೆ.

ಹೊಲಿಗೆ ಯಂತ್ರದ ಡ್ರಾಯರಿನಿಂದ ಸಣ್ಣ ಸ್ಕ್ರೂ ಡ್ರೈವರ್ ತಂದು ಎಡಕ್ಕೆ ತಿರುಗಿಸಿದೆ. ಕಿರ್ರ್ ಅಂದು ಮೇಲೆ ಬಂತು. ಮಾಮನ ಹಳೆಯ ಆಂಪ್ಲಿಫೈಯರಿಗೆ ವೈರ್ ಸಿಕ್ಕಿಸಿ ಮೀಟಿದೆ. ಧುಂ! ಅತ್ತೆಯ ಮೊರದ ಮೆಣಸಿನಕಾಯಿ ನಡುಗಿದವು.

"ಗಿಟಾರ್ದೇ ತಪ್ಪು!" ಅಂತ ಕೂಗುತ್ತಿದ್ದಾಗಲೇ ಮಾಮ ಕೈಚೀಲ ಹಿಡಿದು ಬಾಗಿಲಿಗೆ ಬಂದ. ತೋರಿಸಿದೆ. ಕನ್ನಡಕ ಹಾಕಿಕೊಂಡು ಬಗ್ಗಿ ಸ್ಕ್ರೂವನ್ನು ನೋಡಿದ. ಬಹಳ ಹೊತ್ತು ನೋಡಿದ. ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಚೀಲವನ್ನು ಕೆಳಗಿಟ್ಟು, ಅದರ ಪಕ್ಕ ತಾನೂ ಕೂತ.

"ನಾನೇ ಇಳ್ಸಿದ್ದು ಇದನ್ನ" ಅಂದ.

ಕ್ಲಬ್ಬಿನಲ್ಲಿ ಬಾರಿಸುವಾಗ ಎರಡನೇ ತಂತಿ ಹಾಡುವವರನ್ನೇ ಮುಳುಗಿಸುತ್ತಿತ್ತಂತೆ. ದಿನವಿಡೀ ಲಿವರ್ ಎಳೆದ ಬೆರಳು, ತಂತಿ ಸಿಕ್ಕರೆ ಅದನ್ನೂ ಲಿವರ್ ಅಂದುಕೊಳ್ಳುತ್ತಿತ್ತು. ಮೆತ್ತಗೆ ಬಾರಿಸು ಅಂದರೆ ಆಗುತ್ತಿರಲಿಲ್ಲ. ಅದಕ್ಕೇ ಆ ಸ್ಕ್ರೂ ಇಳಿಸಿ ಬೆರಳಿಗೆ ಸರಿದೂಗಿಸಿದ್ದ. ಆಮೇಲೆ ಅದರ ಮೇಲೆ ಹಬ್ಬಗಳು ಬಂದು ಕೂತವು, ಮರೆತೇ ಹೋಯಿತು.

"ಅಂದ್ರ ಗಿಟಾರ್ ಹೆಂಗಿತ್ತೋ ಹಂಗೇ ಐತಿ. ಬದಲಾಗಿದ್ದು ಕೈ. ಮಾತು ಕೊಟ್ಟೀನಲ್ಲ, ಬಿಟ್ಟೆ ಬಿಡು."

ನನಗೆ ತಲೆ ಕೆಟ್ಟಿತು. ಸ್ಕ್ರೂ ಎತ್ತಿದರೆ ಸರಿಹೋಗುತ್ತದೆ ಅಂದಮೇಲೆ ತಪ್ಪು ಸ್ಕ್ರೂವಿನದಲ್ಲವೇ? ಸ್ಕ್ರೂ ಇಳಿದದ್ದು ಬೆರಳಿನಿಂದ ಅಂದಮೇಲೆ ತಪ್ಪು ಬೆರಳಿನದಲ್ಲವೇ? ಯಾವ ಬೆರಳಿನದು, ಆಗಿನದರದೋ ಈಗಿನದರದೋ?

ಅತ್ತೆ ಮೆಣಸಿನಕಾಯಿ ಮುರಿಯುತ್ತಲೇ ಅಂದಳು, "ಸ್ಕ್ರೂ ನೋಡಾಕ ಏನ್ ಹಾಕ್ಕೊಂಡ್ರಿ ಈಗ?"

"ಏನು?"

"ಕನ್ನಡಕ. ಕಣ್ಣು ಮಂದ ಆದಾಗ ಪೇಪರ್ ಓದೋದು ಬಿಟ್ರೇನು? ಕೈ ಜೋರಿದ್ದಾಗ ಇಳ್ಸೀರಿ, ಕೈ ಸೋತಾಗ ಎತ್ರಿ. ನಾ ಇಷ್ಟು ವರ್ಷ ಬೊಟ್ಟು ಇಟ್ಟಿದ್ದು ಮಾಸ್ತರ ಎಡಗೈಗೇನು?"

ಮಾಮ ನನ್ನ ಕಡೆ ಕೈ ಚಾಚಿದ. ಸ್ಕ್ರೂ ಡ್ರೈವರ್ ಕೊಟ್ಟೆ.

"ನೀ ಭಾಳ ಎತ್ತಿ ಬಿಟ್ಟೀದಿ. ಅದು ನಿನ್ನ ಕೂಗಾಟದ ಅಳತಿ. ಕುಂದ್ರು, ಬಾರ್ಸು. ನಾ ಎದುರಿಗೆ ಕುಂತು ಕೇಳ್ಕೊಂತ ತಿರುಗಿಸ್ತೀನಿ. ನನ್ನಂಗ ಬಾರ್ಸು."

"ಯಾವ ನಿನ್ನಂಗ ಮಾಮ? ಆಗಿನ ನೀನೋ, ಈಗಿನ ನೀನೋ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ಕನ್ನಡಕದ ಮೇಲಿನಿಂದ ನೋಡಿದ.

"ಈಗಿನ."

ಎಡಭುಜ ಇಳಿಸಿದೆ, ತುಟಿ ಮುಂದೆ ಮಾಡಿದೆ. ತೋರುಬೆರಳಿನಿಂದ ತಂತಿಯನ್ನು ಸವರಿ ಬಿಟ್ಟೆ. ಯಾರನ್ನು ಅಣಕಿಸುವಾಗಲೂ ನನಗೆ ಒಳಗೊಳಗೇ ನಗು ಇರುತ್ತದೆ, ಅವತ್ತು ಇರಲಿಲ್ಲ. ಮಾಮ ನನ್ನ ಬೆರಳನ್ನೇ ನೋಡುತ್ತಿದ್ದ. ತನ್ನ ಕೈ ಹೊರಗಿನಿಂದ ಹೇಗೆ ಕಾಣುತ್ತದೆ ಅಂತ ಮೊದಲ ಸಲ ನೋಡುವವನಂತೆ. "ಹಿಂಗ ಮಾಡ್ತೀನಾ ನಾನು?" ಅಂದ. ಹೂಂ ಅಂದೆ. "ಇನ್ನೊಮ್ಮೆ." ಬಾರಿಸಿದೆ. ಚೂರು ಇಳಿಸಿದ. "ಇನ್ನೊಮ್ಮೆ." ಅತ್ತೆ ಒಳಗೆ ಹೋಗಿ ಚಹಾ ತಂದಿಟ್ಟಳು, ಅದು ಆರಿತು. ನಾಲ್ಕೂ ತಂತಿ ಒಂದೇ ಮನೆಯವರಂತೆ ಮಾತಾಡುವವರೆಗೂ ನಾನು ಅವನಾಗಿ ಕೂತಿದ್ದೆ. ಕೊನೆಗೆ ಅತ್ತೆ ಕುಂಕುಮದ ಭರಣಿ ತಂದಳು. ಮಾಮ ಅದನ್ನು ತಡೆದು, "ಈ ಸಲ ಮರದ ಮ್ಯಾಲೆ" ಅಂದ.

ಕಂಪ್ಲಿಯಲ್ಲಿ ಮದುವೆ ಮಂಟಪದ ತುಂಬ ಹೊಸ ಸೀರೆಯ ಸರಬರ. ಮಾಸ್ತರನ ಎಡಗೈ ಎಡಗೈಯ ಕೆಲಸವನ್ನಷ್ಟೇ ಮಾಡಿತು. ಮಾಮ ಮೊದಲೆರಡು ಹಾಡನ್ನು ಹೆದರಿ ಹೆದರಿ ಬಾರಿಸಿದ. ಆಮೇಲೆ ಗಿರಣಿ ಮಾಲೀಕರ ಕಡೆಯ ಹುಡುಗರು ಕುಣಿಯಲು ಎದ್ದರು. ಅವರನ್ನು ನೋಡಿ ಮಾಮನ ಭುಜ ಸ್ವಲ್ಪ ಮೇಲೆ ಬಂತು. ಆ ಹಾಡು ಮುಗಿಯುತ್ತಿದ್ದಂತೆ ಮಾಸ್ತರ ಬಗ್ಗಿ ಬಂದ.

"ಅಣ್ಣಾ, ತಪ್ಪ್ ತಿಳ್ಕೋಬ್ಯಾಡ್ರಿ. ಎರಡನೇ ತಂತಿ ಭಾಳ ಆತು. ಹಾಡೋರ ದನಿ ಕೇಳವಲ್ದು."

ಸ್ಕ್ರೂ ಡ್ರೈವರ್ ನನ್ನ ಜೇಬಿನಲ್ಲೇ ಇತ್ತು. ಬೆರಳಿಗೆ ಬಲ ಬಂದಿತೋ, ನಾವು ಸ್ಕ್ರೂವನ್ನು ಅತಿಯಾಗಿ ಎತ್ತಿದ್ದೆವೋ, ಇಲ್ಲಾ ನಾನು ಆವತ್ತು ಅವನನ್ನು ಅವನಿಗಿಂತ ಸೋತವನಂತೆ ಬಾರಿಸಿದೆನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೈಕಿನಲ್ಲಿ ಮಿಮಿಕ್ರಿಗೆ ನನ್ನನ್ನು ಕರೆಯುತ್ತಿದ್ದರು. ಹೋಗುವ ಮುಂಚೆ ಮಾಮನ ಕಿವಿಯ ಹತ್ತಿರ ಬಗ್ಗಿ, "ಸ್ಕ್ರೂ ಇಳಿಸ್ಲೇನು ಮಾಮ?" ಅಂತ ಕೇಳಿದೆ.

ಅವನು ತೋರುಬೆರಳನ್ನು ಒಮ್ಮೆ ಮಡಚಿ ಬಿಚ್ಚಿದ.

"ತಡಿ. ಇನ್ನೊಂದು ಹಾಡು ಆಗ್ಲಿ."